ಕುಡಿಯೋ ನೀರಿನ ಕೆರೆಗೆ ಪಾಚಿ ತಿನ್ನೋ ಮೀನು ಬಿಡೋದು ಹೇಗೆ: ಹಂತ ಹಂತವಾಗಿ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ತುಂಗಭದ್ರಾ ಕಾಲುವೆ ನೀರು ತುಂಬಿಸ್ಕೊಂಡು ಬೇಸಿಗೆಗೆ ಇಟ್ಕೊಳ್ಳೋ ಕುಡಿಯೋ ನೀರಿನ ಕೆರೆಗಳಿವೆಯಲ್ಲ, ಅಲ್ಲಿಂದ ಬರೋ ಕಂಪ್ಲೇಂಟ್ ಹೆಚ್ಚುಕಮ್ಮಿ ಒಂದೇ. ಮಾರ್ಚ್ ಬಂತು, ನೀರು ಹಸಿರಾಯ್ತು, ನಲ್ಲೀಲಿ ಮಣ್ಣಿನ ವಾಸನೆ ಬಂತು, ಯಾರೋ ಮೀನು ಬಿಡಿ ಅಂದ್ರು, ಬಿಟ್ವಿ, ಪಾಚಿ ಹಾಗೇ ಇದೆ, ಮೀನು ಮಾತ್ರ ಸತ್ತು ತೇಲ್ತಿವೆ. ಇನ್ನು ಕೆಲವು ಕಡೆ ಮೀನು ಚೆನ್ನಾಗೇ ಬೆಳೆದ್ವು, ನೀರು ಮೊದಲಿಗಿಂತ ಹಸಿರಾಯ್ತು.

ಮೀನಿನಿಂದ ಪಾಚಿ ಕಂಟ್ರೋಲ್ ಆಗಲ್ಲ ಅಂತೇನಿಲ್ಲ. ಚೀನಾದ ವುಹಾನ್‌ನಲ್ಲಿರೋ ಡಾಂಗ್‌ಹು ಸರೋವರದಲ್ಲಿ ಪ್ರತಿ ಬೇಸಿಗೆ ಬರ್ತಿದ್ದ ನೀಲಿ-ಹಸಿರು ಪಾಚಿಯ ಕೆನೆ 1985ರಿಂದ ನಿಂತೋಯ್ತು, ಅದಕ್ಕೆ ದೊಡ್ಡ ಕಾರಣ ಅಲ್ಲಿ ಬಿಟ್ಟಿದ್ದ ಬೆಳ್ಳಿ ಗೆಂಡೆ (ಸಿಲ್ವರ್ ಕಾರ್ಪ್) ಮತ್ತು ಬಿಗ್‌ಹೆಡ್ ಗೆಂಡೆ ಅಂತ ಆಮೇಲೆ ಬಲೆ ಕಟ್ಟಿ ಟೆಸ್ಟ್ ಮಾಡಿ ತೋರಿಸಿದ್ರು. ಇಸ್ರೇಲ್‌ನಲ್ಲೂ ರಾಷ್ಟ್ರೀಯ ನೀರಿನ ಕಾಲುವೆಯ ತೆರೆದ ಜಲಾಶಯಗಳಿಗೆ ಬೆಳ್ಳಿ ಗೆಂಡೆ ಬಿಟ್ಟಿದ್ದಾರೆ, ಅದೂ ಕುಡಿಯೋ ನೀರೇ. ನಮ್ಮಲ್ಲಿ ಕೆಡ್ತಿರೋದು ಕೆಲಸದ ಆರ್ಡರ್. ಮೀನು ಬಿಡೋದು ಇದರಲ್ಲಿ ಐದನೇ ಹಂತ, ಎಲ್ಲರೂ ಅಲ್ಲಿಂದಲೇ ಶುರು ಮಾಡ್ತಾರೆ, ಏಳನೇ ಹಂತ ಅಂತ ಒಂದಿದೆ ಅನ್ನೋದೇ ಯಾರಿಗೂ ನೆನಪಿರಲ್ಲ.

ಒಂದು ವಿಷಯ ಈಗಲೇ ಹೇಳ್ಬಿಡ್ತೀನಿ. ಮೀನು ಬಿಟ್ರೂ ಫಿಲ್ಟರ್, ಕ್ಲೋರಿನ್ ಎರಡೂ ಬೇಕೇ ಬೇಕು. ಮೀನು ಮಾಡೋದು ಫಿಲ್ಟರ್ ಮೇಲಿನ ಹೊರೆ ಕಮ್ಮಿ ಮಾಡೋ ಕೆಲಸ, ನೀರು ಶುದ್ಧ ಮಾಡೋ ಕೆಲಸ ಅದರದ್ದಲ್ಲ.

ಮೊದಲು ಕೈಯಲ್ಲಿ ಇರಬೇಕಾದ ಸಾಮಾನು

ನೀರು ಎಷ್ಟು ತಿಳಿಯಾಗಿದೆ ಅಂತ ಅಳೆಯೋ ಸೆಕಿ ಡಿಸ್ಕ್ ಒಂದು. ಅಂಗಡೀಲಿ ಹುಡುಕೋಕೆ ಹೋಗ್ಬೇಡಿ, ವೆಲ್ಡಿಂಗ್ ಶಾಪ್‌ನಲ್ಲಿ 20 ಸೆಂ.ಮೀ. ಅಗಲದ ದುಂಡನೆ ತಗಡು ಕಟ್ ಮಾಡಿಸಿ, ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು-ಬಿಳಿ ಪೇಂಟ್ ಹೊಡೀರಿ, ಮಧ್ಯೆ ತೂತು ಮಾಡಿ ಹಗ್ಗ ಕಟ್ಟಿ, ಹಗ್ಗಕ್ಕೆ 10 ಸೆಂ.ಮೀ.ಗೆ ಒಂದು ಗುರುತು ಹಾಕಿ. ನೀರಲ್ಲಿ ಬಿಟ್ಟಾಗ ಯಾವ ಆಳದಲ್ಲಿ ಕಾಣೋದು ನಿಲ್ಲತ್ತೋ ಅದೇ ನಿಮ್ಮ ರೀಡಿಂಗ್.

ಇದರ ಜೊತೆ ನೀರಲ್ಲಿ ಕರಗಿರೋ ಆಕ್ಸಿಜನ್ ನೋಡೋ ಕಿಟ್, ಪಿಎಚ್ ಕಿಟ್, ಒಂದು ಥರ್ಮಾಮೀಟರ್, ಬಿಳಿ ಗಾಜಿನ ಬಾಟಲಿಗಳು, ತೂಕದ ತಕ್ಕಡಿ, ಬೀಸು ಬಲೆ, ಎಳೆ ಬಲೆ, ಓಡಾಡೋಕೆ ತೆಪ್ಪ ಅಥವಾ ಹರಿಗೋಲು. ಮೈಕ್ರೋಸ್ಕೋಪ್ ಕೊಳ್ಳೋದು ಬೇಡ, ಹತ್ತಿರದ ಪಿಯು ಕಾಲೇಜಿನ ಬಯಾಲಜಿ ಲ್ಯಾಬ್‌ಗೆ ಒಂದು ಬಾಟಲಿ ನೀರು ತಗೊಂಡೋದ್ರೆ ಲೆಕ್ಚರರ್ ಖುಷಿಯಿಂದಲೇ ನೋಡಿ ಹೇಳ್ತಾರೆ. ಒಂದು ನೋಟ್‌ಬುಕ್ ಇಡಿ, ಎಲ್ಲಾ ರೀಡಿಂಗ್‌ಗೂ ತಾರೀಕು, ಟೈಮ್ ಬರೀರಿ. ಇದನ್ನ ಬಿಟ್ಟವರಿಗೆ ಕೊನೆಗೆ ನೀರು ಸುಧಾರಿಸ್ತಾ ಇಲ್ವಾ ಅನ್ನೋದೇ ಗೊತ್ತಾಗಲ್ಲ, ಬರೀ ಜಗಳ ಆಗತ್ತೆ.

ಹಂತ 1: ಹಸಿರು ಇರೋದು ಯಾವ ಪಾಚಿಯಿಂದ ಅಂತ ನೋಡಿ

ಬಾಟಲಿಗೆ ಮುಕ್ಕಾಲು ನೀರು ತುಂಬಿ ಮುಚ್ಚಿ, ನೆರಳಲ್ಲಿ ಒಂದು ರಾತ್ರಿ ಅಲ್ಲಾಡಿಸದೆ ಇಡಿ. ಬೆಳಗ್ಗೆ ಹಸಿರು ಮೇಲೆ ಬಂದು ಕೆನೆ ಕಟ್ಟಿದ್ರೆ ಅದು ನೀಲಿ-ಹಸಿರು ಪಾಚಿ, ಹೆಚ್ಚಾಗಿ ಮೈಕ್ರೋಸಿಸ್ಟಿಸ್. ಇಡೀ ಬಾಟಲಿ ಒಂದೇ ಥರ ತೆಳು ಹಸಿರಾಗಿ ಉಳಿದಿದ್ರೆ ಅದು ತುಂಬಾ ಸಣ್ಣ ಒಂಟಿ ಕಣದ ಪಾಚಿ. ತಳಕ್ಕೆ ಕೂತು ಮೇಲೆ ತಿಳಿಯಾಗಿದ್ರೆ ಅದು ಮಣ್ಣು ಇರಬಹುದು, ಮಣ್ಣಿಗೆ ಮೀನು ಏನೂ ಮಾಡಲ್ಲ. ಕೆರೆಗೆ ಒಂದು ಕೋಲು ಹಾಕಿ ಎತ್ತಿದಾಗ ಕೂದಲಿನ ಥರ ಜೋತು ಬಿದ್ರೆ ಅದು ನೂಲು ಪಾಚಿ, ಅದನ್ನ ಕೈಯಲ್ಲೇ ಎಳೆದು ಹಾಕ್ಬೇಕು.

ಇದ್ಯಾಕೆ ಮುಖ್ಯ ಅಂದ್ರೆ, ಬೆಳ್ಳಿ ಗೆಂಡೆಯ ಕಿವಿರು ಎತ್ತಿ ನೋಡಿ, ಬೇರೆ ಮೀನಿಗಿರೋ ಹಾಗೆ ಬಿಡಿಬಿಡಿ ಹಲ್ಲು ಕಾಣಲ್ಲ, ಎಲ್ಲಾ ಒಂದಕ್ಕೊಂದು ಅಂಟಿ ಸ್ಪಂಜ್ ಥರ ಇರತ್ತೆ. ಆ ಸ್ಪಂಜ್‌ನಲ್ಲಿ ಚೆನ್ನಾಗಿ ಸಿಕ್ಕಿಬೀಳೋದು ಹೆಚ್ಚುಕಮ್ಮಿ 10 ಮೈಕ್ರಾನ್‌ಗಿಂತ ದೊಡ್ಡ ಕಣ. ಮೈಕ್ರೋಸಿಸ್ಟಿಸ್ ಗುಂಪು ಕಟ್ಕೊಂಡು ಬದುಕೋದ್ರಿಂದ ಬರಿಗಣ್ಣಿಗೇ ರವೆಯಂಗೆ ಕಾಣತ್ತೆ, ಸಲೀಸಾಗಿ ಸಿಕ್ಕಿಬೀಳತ್ತೆ. ಒಂಟಿ ಕಣದ ಸಣ್ಣ ಪಾಚಿ ಮಾತ್ರ ಬಾಯಿಂದ ಹೋಗಿ ಕಿವಿರಿಂದ ಆಚೆ ಬರತ್ತೆ. ಅಷ್ಟೇ ಅಲ್ಲ, ಆ ಸಣ್ಣ ಪಾಚಿ ತಿನ್ನೋ ನೀರಿನ ಹುಳಗಳನ್ನ ಮೀನು ತಿಂದುಬಿಡತ್ತೆ, ಆಗ ಸಣ್ಣ ಪಾಚಿಗೆ ಕೇಳೋರೇ ಇಲ್ಲ.

ಸೋ, ಕೆನೆ ಕಟ್ಟೋ ಪಾಚಿ ಇದ್ರೆ ಮುಂದಕ್ಕೆ ಹೋಗಿ. ಬಾಟಲಿ ಪೂರ್ತಿ ತೆಳು ಹಸಿರಾಗಿದ್ರೆ ಹಂತ 2 ಒಂದನ್ನ ಮಾಡಿ, ಮೀನಿನ ದುಡ್ಡು ಉಳಿಸಿ ಫಿಲ್ಟರ್‌ನ ಮರಳು ಬದಲಾಯಿಸಿ.

ಹಂತ 2: ಕಾಗದ ಪತ್ರ, ಮತ್ತೆ ಪಾಚಿಗೆ ಊಟ ಬರೋ ದಾರಿ

ಗ್ರಾಮ ಪಂಚಾಯ್ತಿ ರೆಸಲ್ಯೂಷನ್, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಎಂಜಿನಿಯರ್ ಒಪ್ಪಿಗೆ, ಮೀನುಗಾರಿಕೆ ಇಲಾಖೆ ತಾಲ್ಲೂಕು ಆಫೀಸಿನ ಅಭಿಪ್ರಾಯ, ಮೂರೂ ಬರಹದಲ್ಲಿ ಇರಲಿ. ಬಾಯಿ ಮಾತಲ್ಲಿ ಆದ ಕೆಲಸಕ್ಕೆ ಮೀನು ಸತ್ತ ದಿನ ಯಾರೂ ಜವಾಬ್ದಾರಿ ತಗೊಳ್ಳಲ್ಲ. ಹಿಡಿದ ಮೀನು ಯಾರಿಗೆ, ದುಡ್ಡು ಯಾವ ಅಕೌಂಟ್‌ಗೆ ಅನ್ನೋದೂ ಅದೇ ರೆಸಲ್ಯೂಷನ್‌ನಲ್ಲಿ ಬರೆಸ್ಬಿಡಿ. ಮೀನಿಗೆ ಮೇವು ಹಾಕಂಗಿಲ್ಲ, ಸಗಣಿ-ಗೊಬ್ಬರ ಹಾಕಂಗಿಲ್ಲ ಅನ್ನೋ ಒಂದು ಸಾಲು ಸೇರಿಸೋದು ಮರೀಬೇಡಿ. ಟೆಂಡರ್ ಹಿಡಿದವರು ಮೀನು ಬೇಗ ಬೆಳೀಲಿ ಅಂತ ತೌಡು, ಹಿಂಡಿ, ಕೋಳಿ ಗೊಬ್ಬರ ಸುರಿಯೋದು ಇದೆ, ಅಲ್ಲಿಗೆ ಕತೆ ಮುಗೀತು.

ಆಮೇಲೆ ಕೆರೆ ಸುತ್ತ ಒಂದು ರೌಂಡ್ ಹೊಡೀರಿ. ಎಮ್ಮೆ ಮೈ ತೊಳೆಯೋ ಜಾಗ, ಬಟ್ಟೆ ಒಗೆಯೋ ಕಲ್ಲು, ಭತ್ತದ ಗದ್ದೆಯಿಂದ ಬಸಿದು ಬರೋ ನೀರು, ಊರಿನ ಚರಂಡಿ. ಪಾಚಿಗೆ ಬೇಕಾದ ರಂಜಕ, ಸಾರಜನಕ ಬರೋದು ಇವುಗಳಿಂದಲೇ. ಬೇಲಿ ಹಾಕಿ, ಬಸಿಗಾಲುವೆಯನ್ನ ಬೇರೆ ಕಡೆ ತಿರುಗಿಸಿ, ಕಾಲುವೆ ನೀರು ಮೊದಲು ಒಂದು ಸಣ್ಣ ಗುಂಡಿಯಲ್ಲಿ ನಿಂತು ಹೂಳು ಬಿಟ್ಟು ಆಮೇಲೆ ಕೆರೆಗೆ ಬರೋ ಹಾಗೆ ಮಾಡೋಕಾದ್ರೆ ಇನ್ನೂ ಒಳ್ಳೇದು. ಈ ಕೆಲಸ ಬೇಜಾರು, ಫೋಟೋ ಚೆನ್ನಾಗಿ ಬರಲ್ಲ, ಅದಕ್ಕೇ ಯಾರೂ ಮಾಡಲ್ಲ. ಒಳಗೆ ಗೊಬ್ಬರ ಹರೀತಾನೇ ಇದ್ರೆ ಎಷ್ಟು ಮೀನು ಬಿಟ್ರೂ ಪಾಚಿ ಬೆಳೆಯೋ ಸ್ಪೀಡ್‌ಗೆ ಅವು ತಿಂದು ಮುಗಿಸಲ್ಲ.

ಹಂತ 3: ಕೆರೆ ಅಳೆದು ಲೆಕ್ಕ ಹಾಕಿ

ಎಕರೆಗೆ ಇಷ್ಟು ಮರಿ ಅನ್ನೋ ಲೆಕ್ಕ ಮೀನು ಸಾಕಣೆಯವರದ್ದು. ನಮಗೆ ಬೇಕಾಗಿರೋದು ಒಂದು ಘನ ಮೀಟರ್ ನೀರಿಗೆ ಎಷ್ಟು ಗ್ರಾಂ ಮೀನು ಅನ್ನೋದು. ಡಾಂಗ್‌ಹುನಲ್ಲಿ ಕೆನೆ ತಡೆಯೋಕೆ ಘನ ಮೀಟರ್‌ಗೆ 46ರಿಂದ 50 ಗ್ರಾಂ ಮೀನು ಬೇಕಾಯ್ತು. ಅದು ಆಳ ಕಮ್ಮಿ ಇರೋ, ಊರ ಕೊಳಚೆ ಸೇರಿ ಸಿಕ್ಕಾಪಟ್ಟೆ ಗೊಬ್ಬರ ತುಂಬಿದ್ದ ಸರೋವರ, ಹಾಗಾಗಿ ಆ ನಂಬರನ್ನ ಮೇಲಿನ ಮಿತಿ ಅಂತ ತಗೊಳ್ಳಿ, ಗುರಿ ಅಂತ ಅಲ್ಲ.

ಹರಿಗೋಲಲ್ಲಿ ಹೋಗಿ 15-20 ಕಡೆ ಹಗ್ಗಕ್ಕೆ ಕಲ್ಲು ಕಟ್ಟಿ ಆಳ ನೋಡಿ, ಸರಾಸರಿ ತೆಗೀರಿ. ಉದಾಹರಣೆಗೆ 3 ಎಕರೆ ಕೆರೆ, ತುಂಬಿದಾಗ ಸರಾಸರಿ ಆಳ 3 ಮೀಟರ್ ಅಂದ್ಕೊಳ್ಳಿ. ಒಂದು ಎಕರೆ ಅಂದ್ರೆ 4,047 ಚದರ ಮೀಟರ್, ಮೂರಕ್ಕೆ 12,141, ಇಂಟು 3 ಅಂದ್ರೆ ಸುಮಾರು 36,400 ಘನ ಮೀಟರ್ ನೀರು. ಘನ ಮೀಟರ್‌ಗೆ 16-17 ಗ್ರಾಂನಿಂದ ಶುರು ಮಾಡಿದ್ರೆ 600 ಕೆಜಿ ಮೀನು. ಒಂದು ಮೀನು ಬೆಳೆದು ಒಂದು ಕೆಜಿ ಆಗತ್ತೆ ಅಂದ್ರೆ 600 ಮೀನು ಉಳೀಬೇಕು, ನೂರರಲ್ಲಿ 60 ಬದುಕ್ತವೆ ಅಂತಿಟ್ರೆ 1,000 ಮರಿ ಬಿಡ್ಬೇಕು.

ಇಲ್ಲಿವರೆಗೂ ಎಲ್ಲರೂ ಸರಿಯಾಗೇ ಮಾಡ್ತಾರೆ, ಬೇಸಿಗೆ ಲೆಕ್ಕ ಮಾತ್ರ ಮರೀತಾರೆ. ಏಪ್ರಿಲ್‌ಗೆ ಅದೇ ಕೆರೆ ಒಂದೂವರೆ ಎಕರೆಗೆ ಇಳಿದು ಆಳ 1.2 ಮೀಟರ್ ಆಯ್ತು ಅಂದ್ರೆ ಉಳಿದಿರೋ ನೀರು 7,300 ಘನ ಮೀಟರ್ ಅಷ್ಟೇ. ಮೊದಲ ವರ್ಷ ಮೀನು ಇನ್ನೂ ಅರ್ಧ ಕೆಜಿ ಇರತ್ತೆ, 300 ಕೆಜಿ, ಘನ ಮೀಟರ್‌ಗೆ 41 ಗ್ರಾಂ, ಕಣ್ಣಿಟ್ಟು ನೋಡ್ಕೊಂಡ್ರೆ ನಡೆಯತ್ತೆ. ಎರಡನೇ ಬೇಸಿಗೆಗೆ 600 ಕೆಜಿ, ಅಂದ್ರೆ 82 ಗ್ರಾಂ! ಒಂದು ರಾತ್ರಿಗೆ ಆಕ್ಸಿಜನ್ ಖಾಲಿ ಆಗೋಕೆ ಅಷ್ಟು ಸಾಕು. ಮೀನು ಒಂದೂ ಜಾಸ್ತಿ ಬಿಟ್ಟಿಲ್ಲ ನಾವು ಅಂತಾರೆ, ನಿಜ, ಆದ್ರೆ ನೀರು ಐದರಲ್ಲಿ ಒಂದು ಭಾಗ ಆಗಿದೆಯಲ್ಲ.

ಹಂತ 4: ಯಾವ ಮೀನು, ಯಾವುದು ಬೇಡ

ತೇಲೋ ಪಾಚಿಗೆ ನೇರವಾಗಿ ಬಾಯಿ ಹಾಕೋದು ಬೆಳ್ಳಿ ಗೆಂಡೆ. ಇದರಲ್ಲಿ ಇನ್ನೊಂದು ಅನುಕೂಲ, ನಿಂತ ನೀರಲ್ಲಿ ಇದು ಮರಿ ಮಾಡಲ್ಲ, ಹರಿಯೋ ನದಿ ಬೇಕು, ಹಾಗಾಗಿ ಕೆರೆಯಲ್ಲಿ ಎಷ್ಟು ಬಿಟ್ರೋ ಅಷ್ಟೇ, ಲೆಕ್ಕ ನಿಮ್ಮ ಕೈಯಲ್ಲೇ ಇರತ್ತೆ.

ಆದ್ರೆ ಇದು ಹೊರದೇಶದ ಮೀನು, ಹಗುರಾಗಿ ತಗೋಬೇಡಿ. ಹಿಮಾಚಲದ ಗೋಬಿಂದ್ ಸಾಗರಕ್ಕೆ 1971ರಲ್ಲಿ ಒಂದು ಫಾರಂನಿಂದ ಆಕಸ್ಮಿಕವಾಗಿ ಸೇರ್ಕೊಂಡ ಬೆಳ್ಳಿ ಗೆಂಡೆ ಆಮೇಲೆ ಅಲ್ಲಿನ ಕಾಟ್ಲಾವನ್ನೇ ಹಿಂದೆ ಹಾಕಿತು. ನಿಮ್ಮ ಕೆರೆಯ ಕೋಡಿ ಅಥವಾ ತೂಬಿಂದ ಹಳ್ಳ, ಹಳ್ಳದಿಂದ ನದಿ ಸೇರೋ ದಾರಿ ಇದ್ರೆ ಮೀನುಗಾರಿಕೆ ಇಲಾಖೆಯವರು ಬೇಡ ಅಂತಾರೆ, ಅವರು ಬೇಡ ಅಂದ್ರೆ ಬೇಡ. ಸುತ್ತ ಏರಿ ಕಟ್ಟಿ, ಪಂಪ್‌ನಲ್ಲೇ ನೀರೆತ್ತೋ ಕೆರೆಗಳಿಗೆ ಇದು ಸರಿ ಹೊಂದತ್ತೆ.

ಕಾಟ್ಲಾ ಎಲ್ಲಾ ಕಡೆ ಸಿಗತ್ತೆ, ಮಾರ್ಕೆಟ್‌ನಲ್ಲಿ ರೇಟೂ ಇದೆ ಅಂತ ಅದನ್ನೇ ಬಿಟ್ಟುಬಿಡ್ತಾರೆ. ಕಾಟ್ಲಾ ಮುಖ್ಯವಾಗಿ ತಿನ್ನೋದು ನೀರಿನ ಸಣ್ಣ ಹುಳಗಳನ್ನ, ಅಂದ್ರೆ ಪಾಚಿ ತಿನ್ನೋರನ್ನೇ ತಿಂದುಹಾಕತ್ತೆ. ಮೀನು ಬಿಟ್ಟ ಮೇಲೆ ಹಸಿರು ಜಾಸ್ತಿ ಆಯ್ತು ಅನ್ನೋ ಕೇಸ್‌ಗಳಲ್ಲಿ ಮೊದಲು ಕೇಳ್ಬೇಕಾದ ಪ್ರಶ್ನೆ ಕಾಟ್ಲಾ ಬಿಟ್ಟಿದ್ರಾ ಅಂತ. ಬಿಗ್‌ಹೆಡ್ ಕೂಡ ಹೆಚ್ಚಾಗಿ ಹುಳ ತಿನ್ನೋದೇ, ತರಬೇಡಿ.

ಸಾಮಾನ್ಯ ಗೆಂಡೆ, ಮೃಗಾಲ್ ತಳ ಕೆದಕೋ ಜಾತಿ. ಹೂಳಲ್ಲಿ ಕೂತಿರೋ ರಂಜಕವನ್ನ ಎಬ್ಬಿಸಿ ಪಾಚಿಗೆ ಬಡಿಸ್ತವೆ, ನೀರು ಬಗ್ಗಡನೂ ಆಗತ್ತೆ. ಹುಲ್ಲು ಗೆಂಡೆ ತಿನ್ನೋದು ಜೊಂಡು, ಜಲಸಸ್ಯ. ಅದೂ ಅರ್ಧಂಬರ್ಧ ಜೀರ್ಣ ಮಾಡಿ ಹಾಕೋ ಹಿಕ್ಕೆ ಪಾಚಿಗೆ ಗೊಬ್ಬರ, ಜೊತೆಗೆ ಗೊಬ್ಬರ ಹೀರ್ತಿದ್ದ ಗಿಡಗಳೂ ಖಾಲಿ. ತಿಲಾಪಿಯಾ ಪಾಚಿ ತಿನ್ನೋದು ನಿಜ, ಆದ್ರೆ ಅದರ ಸಂತಾನಕ್ಕೆ ಲಗಾಮಿಲ್ಲ. ಬ್ರೆಜಿಲ್‌ನ ಬ್ರಸೀಲಿಯಾ ಊರಿನ ಪರನೋವಾ ಸರೋವರದ ಒಂದು ಭಾಗದಲ್ಲಿ 1997ರಲ್ಲಿ ತಿಲಾಪಿಯಾ ರಾಶಿ ರಾಶಿ ಸತ್ತವು, ಸತ್ತ ಮೇಲೆ ಅಲ್ಲಿ ಪಾಚಿ, ರಂಜಕ ಎರಡೂ ಇಳಿದ್ವು, ಇದಕ್ಕಿಂತ ಬೇರೆ ಸಾಕ್ಷಿ ಬೇಕಾ. ಆಫ್ರಿಕನ್ ಕ್ಯಾಟ್‌ಫಿಶ್ ವಿಷಯ ಮಾತಾಡೋದೇ ಬೇಡ, ಅದು ನಿಷೇಧ.

ಹಂತ 5: ಮರಿ ಬಿಡೋದು

ಟೈಮ್ ಆಗಸ್ಟ್-ಸೆಪ್ಟೆಂಬರ್. ಕಾಲುವೆಗೆ ನೀರು ಬಂದು ಕೆರೆ ತುಂಬಿರತ್ತೆ, ಮರಿ ಸಿಗೋ ಸೀಸನ್ನೂ ಅದೇ. ಕೆನೆ ಕಟ್ಟಿದ ಮೇಲೆ ಏಪ್ರಿಲ್‌ನಲ್ಲಿ ಬೆರಳುದ್ದ ಮರಿ ಬಿಟ್ರೆ ಅವು ಎಷ್ಟು ತಿಂದಾವು? ಬೆಳಗಿನ ಜಾವ ಆಕ್ಸಿಜನ್ ಇಲ್ದೆ ಮೊದಲು ಸಾಯೋದೂ ಅವೇ.

ಬಿಡೋಕೆ ಮುಂಚೆ ಜಾಕ್‌ವೆಲ್‌ನ (ಪಂಪ್ ಇಟ್ಟಿರೋ ಬಾವಿಯ) ಇನ್‌ಟೇಕ್ ಪೈಪಿಗೆ, ನೀರು ಒಳಗೆ ಬರೋ ಬಾಯಿಗೆ, ಕೋಡಿಗೆ ಸ್ಟೀಲ್ ಮೆಶ್ ಹಾಕಿ. ಮರಿ ದಾಟದಷ್ಟು ಸಣ್ಣ ಕಣ್ಣು ಇರಬೇಕು, ವಾಟರ್‌ಮ್ಯಾನ್ ವಾರಕ್ಕೊಮ್ಮೆ ಎತ್ತಿ ಉಜ್ಜೋ ಹಾಗೆ ಫ್ರೇಮ್ ಮಾಡಿಸಿ. ಒಳಬರೋ ಬಾಯಿಗೆ ಮೆಶ್ ಹಾಕದಿದ್ರೆ ಕಾಲುವೆಯಿಂದ ಕುಚ್ಚು, ಕೊರಮ ಬಂದು ಮರಿಗಳನ್ನ ಮುಗಿಸ್ತವೆ. ಅದಕ್ಕೇ ಮರಿ 12-15 ಸೆಂ.ಮೀ. ಆಗಿರ್ಲಿ, ಸಣ್ಣದು ಚೀಪಾಗಿ ಸಿಗತ್ತೆ ಅಂತ ತಗೊಂಡ್ರೆ ಮೇಲೆ ಹಾಕಿದ ನೂರಕ್ಕೆ 60ರ ಲೆಕ್ಕ ಹಿಡಿಯಲ್ಲ. ಟಿಬಿ (ತುಂಗಭದ್ರಾ) ಡ್ಯಾಂ, ಬಿಆರ್‌ಪಿ (ಭದ್ರಾ ಡ್ಯಾಂ) ಥರದ ಮರಿ ಕೇಂದ್ರಗಳಲ್ಲಿ ಮುಂಚೆನೇ ಕೇಳಿ ಬುಕ್ ಮಾಡಿ, ಬೇರೆ ಜಾತಿ ಮಿಕ್ಸ್ ಆಗಿದೆಯಾ ಅಂತ ಬಕೆಟ್‌ನಲ್ಲಿ ಸುರಿದು ನೋಡಿ ತಗೊಳ್ಳಿ.

ಬೆಳ್ಳಿ ಗೆಂಡೆ ತುಂಬಾ ಗಾಬರಿ ಮೀನು, ಬಲೆ ತಾಗಿದ್ರೆ ಸಾಕು ಹಾರತ್ತೆ, ಹುರುಪೆ ಉದುರಿಸ್ಕೊಳ್ಳತ್ತೆ, ಆ ಗಾಯಕ್ಕೆ ಮೂರ್ನಾಲ್ಕು ದಿನದಲ್ಲಿ ಬಿಳಿ ಬೂಷ್ಟು ಹಿಡಿಯತ್ತೆ. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿ ತಂಪಲ್ಲಿ ತನ್ನಿ, ಬೆಳಗ್ಗೆ ಬೇಗ ಚೀಲವನ್ನ ಹಾಗೇ ಕೆರೆ ಮೇಲೆ 20 ನಿಮಿಷ ತೇಲಿಬಿಡಿ, ಆಮೇಲೆ ಸ್ವಲ್ಪ ಸ್ವಲ್ಪ ಕೆರೆ ನೀರು ಚೀಲಕ್ಕೆ ಸೇರಿಸಿ. ಟಬ್‌ನಲ್ಲಿ ಲೀಟರ್‌ಗೆ 20-30 ಗ್ರಾಂ ಉಪ್ಪು ಕರಗಿಸಿ ಒಂದೆರಡು ನಿಮಿಷ ಅದ್ದಿ, ಮರಿ ಪಕ್ಕಕ್ಕೆ ವಾಲಿದ್ರೆ ತಕ್ಷಣ ತೆಗೀರಿ. ಚೀಲ ಬಗ್ಗಿಸಿ ಅವಾಗೇ ಈಜಿ ಹೋಗೋಕೆ ಬಿಡಿ. ಎಂಎಲ್‌ಎ ಬರ್ತಾರೆ, ಅವರ ಕೈಯಿಂದ ಬಿಡಿಸೋಣ ಅಂತ ಮಧ್ಯಾಹ್ನ ಹನ್ನೆರಡರವರೆಗೂ ಬಿಸಿಲಲ್ಲಿ ಚೀಲ ಇಟ್ಕೊಂಡು ಕಾಯೋರಿಗೆ ನಾನು ಏನು ಹೇಳ್ಲಿ.

ಹಂತ 6: ಬಿಟ್ಟ ಮೇಲೆ ನೋಡ್ತಾ ಇರಬೇಕಾದ್ದು

ವಾರಕ್ಕೊಮ್ಮೆ ಮಧ್ಯಾಹ್ನ ಅದೇ ಜಾಗದಲ್ಲಿ ಸೆಕಿ ಡಿಸ್ಕ್. ಒಂದು ಮೀಟರ್ ದಾಟಿ ಕಾಣ್ತಿದ್ರೆ ಆರಾಮ, 50 ಸೆಂ.ಮೀ.ಗಿಂತ ಕಮ್ಮಿ ಆಗ್ತಾ ಬಂದ್ರೆ ಬಾಟಲಿ ಟೆಸ್ಟ್ ಮತ್ತೆ ಮಾಡಿ. ಆಕ್ಸಿಜನ್ ಮಾತ್ರ ಸೂರ್ಯ ಹುಟ್ಟೋ ಮುಂಚೆನೇ ನೋಡ್ಬೇಕು. ಹಗಲು ಪಾಚಿ ಆಕ್ಸಿಜನ್ ಬಿಡತ್ತೆ, ರಾತ್ರಿ ಅದೂ ಉಸಿರಾಡತ್ತೆ, ಹಾಗಾಗಿ ಹನ್ನೊಂದು ಗಂಟೆಗೆ ಹೋಗಿ ನೋಡಿದ್ರೆ ಯಾವಾಗ್ಲೂ ಚೆನ್ನಾಗೇ ಕಾಣತ್ತೆ. ಜಾವದಲ್ಲಿ ಲೀಟರ್‌ಗೆ 5 ಮಿ.ಗ್ರಾಂ ಇದ್ರೆ ಸರಿ, 3ಕ್ಕೆ ಇಳಿದ್ರೆ ಅವತ್ತೇ ಮೀನು ಕಮ್ಮಿ ಮಾಡಿ.

ತಿಂಗಳಿಗೆ ಎರಡು ಮೀನು ಹಿಡಿದು ತೂಕ ಮಾಡಿ, ಹೊಟ್ಟೆ ಸೀಳಿ ನೋಡಿ. ಈ ಮೀನಿಗೆ ಜಠರ ಇಲ್ಲ, ಉದ್ದಕ್ಕೆ ಸುರುಳಿ ಸುತ್ತಿದ ಕರುಳೇ ಎಲ್ಲಾ. ಕರುಳಿನ ಮುಂಭಾಗದಲ್ಲಿ ಹಸಿರು ಲೋಳೆ ಇದ್ರೆ ಪಾಚಿ ತಿಂತಾ ಇದೆ ಅಂತ. ಕೊನೆ ಭಾಗದಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿರ್ಬೇಕು. ಅಲ್ಲೂ ಎಳೆ ಹಸಿರೇ ಇದ್ರೆ ಆ ಲೋಳೆಯನ್ನ ಸ್ವಲ್ಪ ಫಿಲ್ಟರ್ ನೀರಿನ ಬಾಟಲಿಗೆ ಹಾಕಿ ಕಿಟಕಿ ಪಕ್ಕ ಇಡಿ, ನಾಲ್ಕೈದು ದಿನದಲ್ಲಿ ನೀರು ಹಸಿರಾದ್ರೆ ಪಾಚಿ ಜೀವಂತವಾಗೇ ಆಚೆ ಬರ್ತಿದೆ. ಮೈಕ್ರೋಸಿಸ್ಟಿಸ್‌ಗೆ ಸುತ್ತ ಅಂಟಿನ ಕವಚ ಇರೋದ್ರಿಂದ ಹೀಗಾಗೋದುಂಟು. ಆಗ ಇನ್ನಷ್ಟು ಮೀನು ಬಿಡೋದ್ರಿಂದ ಉಪಯೋಗ ಇಲ್ಲ, ಹಂತ 2ಕ್ಕೆ ವಾಪಸ್ ಹೋಗಿ.

ತೂಕ ಏರ್ತಾನೇ ಇಲ್ಲ ಅಂದ್ರೆ ಮೀನಿಗೆ ಸಾಕಷ್ಟು ಪಾಚಿ ಇಲ್ಲ ಅಂತ ಅರ್ಥ. ಅದು ಒಳ್ಳೇ ಸುದ್ದಿ, ಅಯ್ಯೋ ಪಾಪ ಅಂತ ತೌಡು ಹಾಕ್ಬೇಡಿ. ಮೊದಲ ಬೇಸಿಗೆಗೆ ದೊಡ್ಡ ಬದಲಾವಣೆ ಕಾಣದಿದ್ರೂ ಗಾಬರಿ ಬೇಡ, ಮೀನಿನ ಒಟ್ಟು ತೂಕ ಏರೋವರೆಗೂ ಕೆಲಸ ನಿಧಾನವೇ.

ಹಂತ 7: ಮೀನು ತೆಗೆಯೋದು

ಮೀನು ಪಾಚಿ ತಿಂದ್ರೆ ಗೊಬ್ಬರ ಮಾಯ ಆಗಲ್ಲ, ಒಂದು ಪಾಲು ಮೀನಿನ ಮೈ ಸೇರತ್ತೆ, ಉಳಿದಿದ್ದು ಹಿಕ್ಕೆಯಾಗಿ ನೀರಿಗೇ ಬರತ್ತೆ. ಕೆರೆಯಿಂದ ಗೊಬ್ಬರ ಹೊರಗೆ ಹೋಗೋದು ನೀವು ಮೀನು ಹಿಡಿದು ಏರಿ ದಾಟಿಸಿದಾಗಲೇ. ನೂರು ಕೆಜಿ ಮೀನಲ್ಲಿ ಸುಮಾರು ಅರ್ಧ ಕೆಜಿ ರಂಜಕ ಇರತ್ತೆ.

ಎರಡನೇ ವರ್ಷದಿಂದ ಪ್ರತಿ ಫೆಬ್ರವರಿಯಲ್ಲಿ, ನೀರು ಇಳಿಯೋ ಮುಂಚೆ, ಎಳೆ ಬಲೆ ಹಾಕಿ ದೊಡ್ಡ ಮೀನು ತೆಗೀರಿ. ಮೇಲಿನ ಉದಾಹರಣೆಯ ಕೆರೆಯಲ್ಲಿ ಏಪ್ರಿಲ್‌ಗೆ 7,300 ಘನ ಮೀಟರ್ ಉಳಿಯತ್ತೆ ಅಂದ್ರೆ 250 ಕೆಜಿ ಬಿಟ್ಟು ಉಳಿದಿದ್ದೆಲ್ಲಾ ಹೊರಗೆ. ಆಗಸ್ಟ್‌ನಲ್ಲಿ ತೆಗೆದಷ್ಟಕ್ಕೆ ಮರಿ ಮತ್ತೆ ಬಿಡಿ. ನಾಳೆ ರೇಟ್ ಏರತ್ತೆ, ಇನ್ನೊಂದು ತಿಂಗಳು ಬೆಳೀಲಿ ಅಂತ ಕಾಯೋದೇ ಇಲ್ಲಿ ಆಗೋ ತಪ್ಪು.

ನೀಲಿ-ಹಸಿರು ಕೆನೆ ಇರೋವಾಗ ಹಿಡಿದ ಮೀನನ್ನ ಊಟಕ್ಕೆ ಮಾರಬೇಡಿ. ಪಾಚಿಯ ವಿಷ ಮೀನಿನ ಪಿತ್ತಜನಕಾಂಗ, ಕರುಳಲ್ಲಿ ಸೇರ್ಕೊಳ್ಳತ್ತೆ. ಕೆನೆ ಇಲ್ಲದ ಟೈಮಲ್ಲೂ ಒಳಗಿನದ್ದೆಲ್ಲಾ ತೆಗೆದೇ ಅಡಿಗೆ ಮಾಡ್ಬೇಕು ಅಂತ ಮಾರೋವಾಗ ಹೇಳಿ.

ಈ ಲಕ್ಷಣ ಕಂಡ್ರೆ ತಡ ಮಾಡ್ಬೇಡಿ

ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ರೆ ಆಕ್ಸಿಜನ್ ಇಲ್ಲ. ಪಂಪ್ ಹಾಕಿ ಕೆರೆ ನೀರನ್ನೇ ಎತ್ತಿ ಮೇಲಿಂದ ಕೆರೆಗೇ ಚಿಮ್ಮಿಸಿ, ಬಿಸಿಲು ಏರೋವರೆಗೂ ನಿಲ್ಲಿಸ್ಬೇಡಿ, ಅವತ್ತೇ ಬಲೆಯವರನ್ನ ಕರೆಸಿ. ಎರಡು ಮೂರು ದಿನ ಮೋಡ ಮುಸುಕಿ ಗಾಳಿ ಇಲ್ಲದಿದ್ರೆ ಇದು ಬಂದೇ ಬರತ್ತೆ ಅಂತ ರೆಡಿಯಾಗಿರಿ.

ಹಸಿರು ನೀರು ಇದ್ದಕ್ಕಿದ್ದ ಹಾಗೆ ಒಂದೆರಡು ದಿನದಲ್ಲಿ ಕಂದಾಗಿ ಕೊಳೆತ ವಾಸನೆ ಬಂದ್ರೆ ಪಾಚಿ ಒಟ್ಟಿಗೆ ಸತ್ತಿದೆ. ಮೀನು ಗೆದ್ದಿತು ಅಂತ ಪಟಾಕಿ ಹೊಡೆಯೋ ಟೈಮಲ್ಲ, ಸತ್ತ ಪಾಚಿಯಿಂದ ವಿಷ ನೀರಿಗೆ ಬಿಡುಗಡೆ ಆಗೋದು ಆಗಲೇ. ಸಪ್ಲೈ ನಿಲ್ಲಿಸಿ, ಟ್ಯಾಂಕರ್ ತರಿಸಿ, ನೀರನ್ನ ಜಿಲ್ಲಾ ಲ್ಯಾಬ್‌ಗೆ ಕಳ್ಸಿ. ಮೈಕ್ರೋಸಿಸ್ಟಿನ್ (ಮೈಕ್ರೋಸಿಸ್ಟಿಸ್ ಪಾಚಿ ಬಿಡೋ ವಿಷ) ಟೆಸ್ಟ್ ಅಲ್ಲಿ ಆಗದಿದ್ರೆ ಎಲ್ಲಿ ಆಗತ್ತೆ ಅಂತ ಅವರನ್ನೇ ಕೇಳಿ. ಮೈಕ್ರೋಸಿಸ್ಟಿನ್-ಎಲ್‌ಆರ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಾ ಕುಡಿಯೋ ನೀರಲ್ಲಿ ಲೀಟರ್‌ಗೆ 1 ಮೈಕ್ರೋಗ್ರಾಂ. ಕುದಿಸಿ ಕುಡೀರಿ ಅಂತ ಡಂಗುರ ಸಾರಿಸ್ಬೇಡಿ, ಈ ವಿಷ ಕುದಿಸಿದ್ರೆ ಹೋಗಲ್ಲ.

ಗಾಬರಿಯಲ್ಲಿ ಮೈಲುತುತ್ತ ಸುರಿಯೋರಿದ್ದಾರೆ. ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ 1979ರಲ್ಲಿ ಕುಡಿಯೋ ನೀರಿನ ಡ್ಯಾಂಗೆ ಪಾಚಿ ಬಂತು ಅಂತ ಮೈಲುತುತ್ತ ಹಾಕಿದ ಕೆಲವೇ ದಿನಕ್ಕೆ 148 ಜನ ಕಾಯಿಲೆ ಬಿದ್ರು, ಬಹುಪಾಲು ಮಕ್ಕಳು. ಪಾಚಿ ಕಣ ಒಡೆದು ವಿಷವೆಲ್ಲಾ ನೀರಿಗೆ ಬಂತು. ಬ್ಲೀಚಿಂಗ್ ಪೌಡರನ್ನ ಕೆರೆಗೇ ಹಾಕಿದ್ರೂ ಅದೇ ಗತಿ, ಮೀನೂ ಸಾಯತ್ತೆ. ಕ್ಲೋರಿನ್ ಹಾಕೋ ಜಾಗ ಫಿಲ್ಟರ್ ಆದ ಮೇಲೆ, ಕೆರೆಯಲ್ಲಿ ಅಲ್ಲ.

ಕೆನೆ ಗಾಳಿಗೆ ಒಂದು ಮೂಲೆಗೆ ಹೋಗಿ ಹಸಿರು ಪೇಂಟ್ ಚೆಲ್ಲಿದ ಹಾಗೆ ಸೇರ್ಕೊಂಡಿರತ್ತೆ, ಬೆಳಗ್ಗೆ ಬಿಸಿಲೇರೋ ಮುಂಚೆ ಸೊಳ್ಳೆ ಪರದೆ ಬಟ್ಟೆ ಎರಡು ಪದರ ಮಾಡಿ ಬಾಚಿ ತೆಗೀರಿ, ಕೈಗೆ ಗ್ಲೌಸ್ ಹಾಕ್ಕೊಳ್ಳಿ, ತೆಗೆದಿದ್ದನ್ನ ಏರಿಯ ಆಚೆ ಗುಂಡಿಗೆ ಹಾಕಿ ಮುಚ್ಚಿ, ದನ ಕುರಿ ಆ ಮೂಲೆಗೆ ಹೋಗದ ಹಾಗೆ ನೋಡ್ಕೊಳ್ಳಿ. ಇನ್‌ಟೇಕ್ ಪೈಪು ಆ ಮೂಲೆಯಲ್ಲೇ ಇದ್ರೆ ತೇಲೋ ಡ್ರಮ್‌ಗೆ ಕಟ್ಟಿ ಕೆರೆ ಮಧ್ಯಕ್ಕೆ, ಮೇಲ್ಮೈಯಿಂದ ಒಂದು ಮೀಟರ್ ಕೆಳಗೆ ಇಳಿಸಿ, ಅಷ್ಟು ಆಳನೇ ಉಳಿದಿಲ್ಲ ಅಂದ್ರೆ ಆ ಕೆರೆ ನೀರನ್ನ ಈ ವರ್ಷಕ್ಕೆ ಬಳಕೆಗೆ ಮಾತ್ರ ಬಿಡಿ.